ಆಂಟಿಲೋಪ್ ಸೀಳುಕಮರಿ

ಅಮೆರಿಕದ ಅರಿಜೋನ ರಾಜ್ಯದ ಪೇಜ್ ಪಟ್ಟಣದ ಬಳಿ, ನವಾಹೊ ಬುಡಕಟ್ಟಿನ ನೆಲದಲ್ಲಿರುವ ಇಕ್ಕಟ್ಟಾದ ಮರಳುಗಲ್ಲಿನ ಕಮರಿ. ಮೇಲಿನದು, ಕೆಳಗಿನದು ಎಂದು ಎರಡು ಮುಖ್ಯ ಭಾಗಗಳಿವೆ. ಮೇಲಿನದರ ನವಾಹೊ ಹೆಸರಿಗೆ ‘ಬಂಡೆಗಳ ನಡುವೆ ನೀರು ಹರಿಯುವ ಜಾಗ’ ಎಂದರ್ಥ. ಮರುಭೂಮಿಯಲ್ಲಿ ಈ ಹೆಸರು ವಿಚಿತ್ರವೆನಿಸಬಹುದು. ಆದರೆ ಕಮರಿಯನ್ನು ಕಡೆದದ್ದು ನೀರೇ. ದಿಢೀರ್ ಪ್ರವಾಹ ಮರಳು ಹೊತ್ತು ನುಗ್ಗಿ, ಗೋಡೆಗಳನ್ನು ಉಜ್ಜಿ, ಅಲೆಯಲೆಯಾಗಿ ನುಣುಪಾಗಿಸಿದೆ. 1997ರ ಆಗಸ್ಟ್ 12ರಂದು ಕೆಳಗಿನ ಕಮರಿಯಲ್ಲಿ ಇಂಥದೇ ಪ್ರವಾಹಕ್ಕೆ 11 ಪ್ರವಾಸಿಗರು ಬಲಿಯಾದರು. ಅಂದು ಕಮರಿಯ ಮೇಲೆ ಬಿದ್ದ ಮಳೆ ತೀರ ಕಡಿಮೆ. ಸುರಿದದ್ದು ದೂರದ ಎತ್ತರದ ನೆಲದಲ್ಲಿ. ಈಗ ಪರವಾನಗಿ ಪಡೆದ ಮಾರ್ಗದರ್ಶಕರಿಲ್ಲದೆ ಒಳಗೆ ಹೋಗುವಂತಿಲ್ಲ.

ಬೇಸಗೆಯ ನಡುಹಗಲಲ್ಲಿ ಮೇಲಿನ ಕಮರಿಯ ನೆಲದವರೆಗೂ ಬಿಸಿಲುಕೋಲುಗಳು ಇಳಿಯುತ್ತವೆ. ಛಾಯಾಚಿತ್ರಗಳಲ್ಲಿ ಅವು ಅಷ್ಟು ದಟ್ಟವಾಗಿ ಕಾಣುವುದಕ್ಕೆ ಹಲವು ಸಲ ಯಾರೋ ತೂರಿದ ಹಿಡಿ ಮರಳೇ ಕಾರಣ. ಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನದು; ಗೋಡೆಯಿಂದ ಗೋಡೆಗೆ ಪುಟಿದ ಬೆಳಕು ಅದನ್ನು ಕಿತ್ತಳೆಗೂ, ನೆರಳಲ್ಲಿ ನೇರಳೆಗೂ ತಿರುಗಿಸುತ್ತದೆ. ಆಕಾಶದ ತುಣುಕೊಂದು ಚೌಕಟ್ಟಿನೊಳಗೆ ಬಂದರೆ ಅದು ಬರೀ ಬಿಳಿಯಾಗಿ ಚಿತ್ರ ಕೆಡುತ್ತದೆ. ಸಾಮಾನ್ಯ ಪ್ರವಾಸಗಳಲ್ಲಿ ಟ್ರೈಪಾಡ್ ನಿಷಿದ್ಧ. ಹಾಗಾಗಿ ಒಳಗಿನ ಮಂದ ಬೆಳಕಲ್ಲಿ ಕ್ಯಾಮೆರಾದ ಬೆಳಕಿನ ಸಂವೇದನೆ, ಅಂದರೆ ಐಎಸ್‌ಓ ಏರಿಸಿ, ಉಸಿರು ಬಿಗಿಹಿಡಿದೇ ಕ್ಲಿಕ್ಕಿಸಬೇಕು.