ಟೋಕಿಟೇ: 80 ಅಡಿ ತೊಟ್ಟಿಯಲ್ಲಿ 53 ವರ್ಷ

ಕಪ್ಪು-ಬಿಳಿ ಮೈ, ನೀರಿನಿಂದ ಚಂಗನೆ ಹಾರಿ ಧೊಪ್ಪನೆ ಬಿದ್ದು ಮುಂದಿನ ಸಾಲಿನಲ್ಲಿ ಕೂತವರನ್ನೆಲ್ಲ ತೋಯಿಸುವ ಆ ದೊಡ್ಡ ಪ್ರಾಣಿಯನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅದೇ ಓರ್ಕಾ. ಕಿಲ್ಲರ್ ವೇಲ್ ಅಂತಲೂ ಕರೆಯುತ್ತಾರೆ. ಹೆಸರಿನಲ್ಲಿ ವೇಲ್ ಇದ್ದರೂ ಇದು ಡಾಲ್ಫಿನ್ ಕುಟುಂಬಕ್ಕೆ ಸೇರಿದ್ದು, ಆ ಕುಟುಂಬದಲ್ಲೇ ಎಲ್ಲಕ್ಕಿಂತ ದೊಡ್ಡದು. ಅಮೆರಿಕಕ್ಕೆ ಹೋದ ನಮ್ಮವರು ಮಕ್ಕಳನ್ನು ಕರೆದುಕೊಂಡು ಇದರ ಆಟ ನೋಡಿಬಂದದ್ದೂ ಉಂಟು. ಅವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆದರೆ ಈ ತೊಟ್ಟಿಗಳಿಗೆ ಓರ್ಕಾಗಳು ಮೊದಲು ಎಲ್ಲಿಂದ ಬಂದವು, ಹೇಗೆ ಬಂದವು ಅಂತ ಹುಡುಕುತ್ತಾ ಹೋದರೆ ಅದು ಹತ್ತು-ಹನ್ನೆರಡು ವರ್ಷಗಳ ಕಥೆ. ಬಹುಪಾಲು ಒಂದೇ ಕರಾವಳಿಯ ಕೆಲವೇ ಕುಟುಂಬಗಳ ಕಥೆ.

ಆ ಕರಾವಳಿ ಅಮೆರಿಕದ ವಾಷಿಂಗ್ಟನ್ ರಾಜ್ಯ ಮತ್ತು ಅದಕ್ಕೆ ಅಂಟಿಕೊಂಡಿರುವ ಕೆನಡಾದ ಬ್ರಿಟಿಷ್ ಕೊಲಂಬಿಯಾ. 1960ರವರೆಗೂ ಅಲ್ಲಿನ ಜನಕ್ಕೆ ಓರ್ಕಾ ಅಂದರೆ ಭಯ, ಜೊತೆಗೆ ದ್ವೇಷ. ನಮ್ಮ ಸಾಲ್ಮನ್ ಮೀನನ್ನೆಲ್ಲ ಇವೇ ತಿಂದು ಮುಗಿಸುತ್ತವೆ ಅನ್ನುವುದು ಬೆಸ್ತರ ಸಿಟ್ಟು. ಕಂಡಲ್ಲಿ ಗುಂಡು ಹಾರಿಸುತ್ತಿದ್ದರು. 1961ರಲ್ಲಿ ಕೆನಡಾದ ಮೀನುಗಾರಿಕೆ ಇಲಾಖೆ ಸೀಮೋರ್ ನ್ಯಾರೋಸ್ ಅನ್ನುವ ಇಕ್ಕಟ್ಟಾದ ಜಲಮಾರ್ಗದ ಬಳಿ ಓರ್ಕಾಗಳನ್ನು ಕೊಲ್ಲಲೆಂದೇ ಒಂದು ಮೆಷಿನ್ ಗನ್ ತಂದಿಟ್ಟಿತ್ತು! ಪುಣ್ಯಕ್ಕೆ ಅದನ್ನು ಒಮ್ಮೆಯೂ ಹಾರಿಸಲಿಲ್ಲ.

1964ರಲ್ಲಿ ವ್ಯಾಂಕೂವರ್ ಅಕ್ವೇರಿಯಂನವರಿಗೆ ತಮ್ಮ ಕಟ್ಟಡದಲ್ಲಿ ಓರ್ಕಾದ ಆಳೆತ್ತರದ (ಓರ್ಕಾದಾಳೆತ್ತರದ ಅನ್ನಬೇಕೇನೋ) ಪ್ರತಿಮೆ ನಿಲ್ಲಿಸುವ ಆಸೆಯಾಯಿತು. ಅಳತೆಗೆ ಒಂದು ಹೆಣ ಬೇಕಲ್ಲ? ಸ್ಯಾಮ್ಯುಯೆಲ್ ಬ್ಯುರಿಚ್ ಎಂಬ ಶಿಲ್ಪಿಯನ್ನೇ ಒಂದನ್ನು ಕೊಂದು ತರಲು ಕಳಿಸಿದರು. ಸ್ಯಾಟರ್ನಾ ದ್ವೀಪದ ಹತ್ತಿರ ಈಟಿ ಒಂದು ಎಳೆಯ ಓರ್ಕಾಗೆ ಚುಚ್ಚಿತು, ಆದರೆ ಅದು ಸಾಯಲಿಲ್ಲ. ಮೈಯಲ್ಲಿ ನೆಟ್ಟ ಈಟಿಯ ಹಗ್ಗ ಹಿಡಿದೇ, ಹಸುವನ್ನು ಹೊಡೆದುಕೊಂಡು ಬರುವ ಹಾಗೆ, ಅದನ್ನು ವ್ಯಾಂಕೂವರಿಗೆ ಎಳೆದು ತಂದರು. ಹೆಣ್ಣೆಂದು ತಿಳಿದು ಮೋಬಿ ಡಾಲ್ ಎಂದು ಹೆಸರಿಟ್ಟರು. ಸುಮಾರು ಎರಡು ತಿಂಗಳು ಅದು ಏನನ್ನೂ ತಿನ್ನಲಿಲ್ಲ. ಆಮೇಲೆ ಮನುಷ್ಯರ ಕೈಯಿಂದ ಮೀನು ಇಸಿದುಕೊಂಡು ತಿನ್ನತೊಡಗಿತು. ಅಕ್ಟೋಬರಿನಲ್ಲಿ ಸತ್ತಿತು. ಕೊಯ್ದು ನೋಡಿದಾಗಲೇ ಗೊತ್ತಾದದ್ದು, ಅದು ಗಂಡು.

ಈ ಮೂರು ತಿಂಗಳು ಬಹಳ ಮುಖ್ಯ. ಕೊಲೆಗಡುಕ ಅಂದುಕೊಂಡಿದ್ದ ಪ್ರಾಣಿ ಇಷ್ಟು ಸಾಧುವೇ ಅಂತ ಜನ ಬೆರಗಾದರು. ಸೆರೆಯಲ್ಲಿಟ್ಟು ತೋರಿಸಿದ್ದರಿಂದಲೇ ಓರ್ಕಾಗಳ ಮೇಲಿನ ದ್ವೇಷ ಕರಗಿತು ಅಂತ ಶೋ ನಡೆಸುವವರು ಇಂದಿಗೂ ವಾದಿಸುತ್ತಾರೆ. ಅದರಲ್ಲಿ ನಿಜವಿಲ್ಲ ಅಂತ ನಾನು ಹೇಳಲಾರೆ. ಆದರೆ ಆ ಬೆರಗಿನ ಬೆನ್ನಿಗೇ ಬಂದದ್ದು ವ್ಯಾಪಾರ.

1965ರಲ್ಲಿ ನಾಮು ಎಂಬ ಊರಿನ ಬಳಿ ಬೆಸ್ತರ ಬಲೆಗೆ ಒಂದು ಗಂಡು ಓರ್ಕಾ ಸಿಕ್ಕಿಬಿತ್ತು. ಸಿಯಾಟಲ್‌ನಲ್ಲಿ ಅಕ್ವೇರಿಯಂ ಇಟ್ಟುಕೊಂಡಿದ್ದ ಟೆಡ್ ಗ್ರಿಫಿನ್ 8,000 ಡಾಲರ್ ಕೊಟ್ಟು ಅದನ್ನು ಕೊಂಡ. ತೇಲುವ ಪಂಜರದಲ್ಲಿಟ್ಟು ಸಿಯಾಟಲ್‌ಗೆ ಎಳೆದು ತರುವಾಗ ಒಂದು ಹೆಣ್ಣು ಮತ್ತು ಎರಡು ಮರಿಗಳು ಬಹುದೂರ ಹಿಂದೆಯೇ ಈಜುತ್ತಾ ಬಂದವಂತೆ. ನಾಮು ಒಂದು ವರ್ಷ ಬದುಕಿತು. ಅದಕ್ಕೆ ಜೊತೆ ಬೇಕೆಂದು ಅದೇ ವರ್ಷ ಗ್ರಿಫಿನ್ ಮತ್ತು ಅವನ ಪಾಲುದಾರ ಡಾನ್ ಗೋಲ್ಡ್ಸ್‌ಬೆರಿ ಒಂದು ಹೆಣ್ಣುಮರಿಯನ್ನು ಹಿಡಿದರು. ಈಟಿ ತಗುಲಿ ತಾಯಿ ಸತ್ತಿತು. ಮರಿಗೂ ನಾಮುವಿಗೂ ಹೊಂದಲಿಲ್ಲ, ಹಾಗಾಗಿ ಅದನ್ನು ಸ್ಯಾನ್ ಡಿಯೇಗೋದ ಸೀವರ್ಲ್ಡ್‌ಗೆ ಮಾರಿದರು. ಅದೇ ಶಾಮು. 1971ರಲ್ಲಿ ಶಾಮು ಸತ್ತ ಮೇಲೂ ಹೆಸರು ಸಾಯಲಿಲ್ಲ. ಬೇರೆ ಬೇರೆ ಓರ್ಕಾಗಳು ಅದೇ ಹೆಸರಿನಲ್ಲಿ ದಶಕಗಳ ಕಾಲ ಆಟ ಆಡಿದವು. ನೋಡಲು ಬಂದ ಮಕ್ಕಳಿಗೆ ಶಾಮು ಅಂದರೆ ಒಂದೇ ಶಾಮು.

ಇನ್ನು ಪೆನ್ ಕೋವ್. 1970ರ ಆಗಸ್ಟ್ 8. ಸಿಯಾಟಲ್‌ನ ಉತ್ತರಕ್ಕೆ ವಿಡ್ಬಿ ಎಂಬ ದ್ವೀಪದ ಒಂದು ಸಣ್ಣ ಕೊಲ್ಲಿ ಅದು. ಗ್ರಿಫಿನ್ ಮತ್ತು ಗೋಲ್ಡ್ಸ್‌ಬೆರಿ ತಂಡ ಸ್ಪೀಡ್‌ಬೋಟ್, ವಿಮಾನ, ನೀರಿನಲ್ಲಿ ಸಿಡಿಯುವ ಸಿಡಿಮದ್ದು ಎಲ್ಲ ಬಳಸಿ ಎಂಬತ್ತರಷ್ಟು ಓರ್ಕಾಗಳನ್ನು ಅದರೊಳಗೆ ಅಟ್ಟಿತು. ಕಾಕನಕೋಟೆಯ ಖೆಡ್ಡಾದ ಬಗ್ಗೆ ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ, ಅಲ್ಲಿ ಕಾಡು, ಇಲ್ಲಿ ಕಡಲು ಅಷ್ಟೇ. ಹಿಂಡು ಇಬ್ಭಾಗವಾಗಿ, ಮರಿಗಳಿಲ್ಲದವು ಒಂದು ಕಡೆಗೆ ದೋಣಿಗಳನ್ನು ಸೆಳೆದುಕೊಂಡು ಹೋದವು, ಮರಿಗಳಿರುವ ತಾಯಂದಿರು ಸದ್ದಿಲ್ಲದೆ ಇನ್ನೊಂದು ಕಡೆಗೆ ತಿರುಗಿದವು ಅಂತ ಅಲ್ಲಿದ್ದವರು ಹೇಳಿದ್ದಾರೆ. ಮೇಲೆ ವಿಮಾನ ಇಲ್ಲದಿದ್ದರೆ ತಪ್ಪಿಸಿಕೊಳ್ಳುತ್ತಿದ್ದವೇನೋ... ಉಸಿರಾಡಲು ನೀರಿನ ಮೇಲೆ ಬರಲೇಬೇಕಲ್ಲ.

ಬಲೆ ಹಾಕಿ ತಾಯಿ-ಮರಿಗಳನ್ನು ಬೇರ್ಪಡಿಸಿದರು. ಮಾರಲು ಬೇಕಾದದ್ದು ಮರಿಗಳು. ಅವನ್ನು ಸಾಗಿಸುವುದು ಸುಲಭ, ಪಳಗಿಸುವುದೂ ಸುಲಭ. ಹೊರಗಡೆ ಬಿಟ್ಟ ದೊಡ್ಡವು ಓಡಿಹೋಗಲಿಲ್ಲ, ಬಲೆಯ ಹತ್ತಿರವೇ ಕೂಗುತ್ತಾ ಸುತ್ತಿದವು. ಏಳು ಮರಿಗಳು ಜಪಾನ್, ಇಂಗ್ಲೆಂಡ್, ಫ್ರಾನ್ಸ್, ಆಸ್ಟ್ರೇಲಿಯಾ ಅಂತ ಲೋಕವೆಲ್ಲ ಚದುರಿದವು. ಕೆಲವು ಮರಿಗಳು ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತವು. ಹೊರಗೆ ಗೊತ್ತಾಗಬಾರದೆಂದು ಅವುಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ, ಸರಪಳಿ ಕಟ್ಟಿ ಮುಳುಗಿಸಿದರು. ಆ ಕೆಲಸಕ್ಕೆ ಬಂದಿದ್ದ ಒಬ್ಬ ಮುಳುಗುಗಾರ ವಯಸ್ಸಾದ ಮೇಲೆ ಬ್ಲ್ಯಾಕ್‌ಫಿಶ್ (2013) ಎಂಬ ಸಾಕ್ಷ್ಯಚಿತ್ರದಲ್ಲಿ ಅದನ್ನೆಲ್ಲ ಹೇಳಿದ್ದಾನೆ. ಅಳುತ್ತಾ ಆ ಕೆಲಸ ಮಾಡಿದೆ ಅನ್ನುತ್ತಾನೆ. ನವೆಂಬರಿನಲ್ಲಿ ಮರಿಗಳ ಹೆಣ ದಡಕ್ಕೆ ಬಂದವು, ಗುಟ್ಟು ರಟ್ಟಾಯಿತು.

ಆ ಏಳರಲ್ಲಿ ನಾಲ್ಕು ವರ್ಷದ ಆಸುಪಾಸಿನ ಒಂದು ಹೆಣ್ಣುಮರಿ ಮಯಾಮಿ ಸೀಕ್ವೇರಿಯಂ ಸೇರಿತು. ಅಲ್ಲಿನ ಪಶುವೈದ್ಯ ಅದಕ್ಕೆ ಇಟ್ಟ ಹೆಸರು ಟೋಕಿಟೇ. ಅದು ಅವಳ ಹುಟ್ಟುಸೀಮೆಯ ಕಡೆಯ ಮಾತು. ಸ್ಟೇಜಿನ ಮೇಲೆ ಮಾತ್ರ ಲೋಲಿಟಾ. ಕಾದಂಬರಿಯೊಂದರ ಬಾಲೆಯ ಹೆಸರು, ಯಾಕೆ ಇಟ್ಟರೋ, ನನಗಂತೂ ಹಿಡಿಸಲಿಲ್ಲ. ಇನ್ನು ಮುಂದೆ ಟೋಕಿಟೇ ಅಂತಲೇ ಬರೆಯುತ್ತೇನೆ. ಅದು ಅನ್ನದೆ ಅವಳು ಅಂತಲೇ ಬರೆಯುತ್ತೇನೆ.

ಇಲ್ಲಿ ಸ್ವಲ್ಪ ಹಿಂದೆ ಸರಿದು, ಹಿಡಿದವರಿಗೆ ಆಗ ಏನು ಗೊತ್ತಿರಲಿಲ್ಲ ಅನ್ನುವುದನ್ನು ಹೇಳಬೇಕು. ಆ ಕರಾವಳಿಯಲ್ಲಿ ಓರ್ಕಾಗಳು ಸಾವಿರಾರು ಇವೆ, ಕೆಲವನ್ನು ಹಿಡಿದರೆ ನಷ್ಟವೇನಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಕೆನಡಾದ ವಿಜ್ಞಾನಿ ಮೈಕಲ್ ಬಿಗ್ 1971ರಲ್ಲಿ ಒಂದು ಸರಳ ಉಪಾಯ ಮಾಡಿದರು. ಬೆಸ್ತರು, ದೀಪಸ್ತಂಭದವರು, ದೋಣಿ ಇಟ್ಟುಕೊಂಡವರು ಹೀಗೆ 15,000 ಜನಕ್ಕೆ ಪ್ರಶ್ನೆಪತ್ರ ಕಳಿಸಿ, ಜುಲೈ 26ರಂದು ಕಂಡ ಓರ್ಕಾಗಳನ್ನೆಲ್ಲ ಎಣಿಸಿ ತಿಳಿಸಿ ಅಂದರು. ಬಂದ ಲೆಕ್ಕ: ಹೆಚ್ಚೆಂದರೆ 350. ಆಮೇಲೆ ಬಿಗ್ ಮತ್ತು ಜೊತೆಯವರು ಬೆನ್ನ ಮೇಲಿನ ರೆಕ್ಕೆಯ ಕಚ್ಚು, ಅದರ ಹಿಂದಿನ ಬೂದು ಮಚ್ಚೆ ಇವುಗಳ ಫೋಟೋ ತೆಗೆದು ಒಂದೊಂದು ಓರ್ಕಾವನ್ನೂ ಬೇರೆಬೇರೆಯಾಗಿ ಗುರುತಿಸತೊಡಗಿದರು. ದಕ್ಷಿಣದ ಗುಂಪಿನಲ್ಲಿ ಜೆ, ಕೆ, ಎಲ್ ಎಂಬ ಮೂರೇ ಹಿಂಡು. 1976ರಲ್ಲಿ ಕೆನ್ ಬಾಲ್ಕಂಬ್ ಎಣಿಸಿದಾಗ ಉಳಿದಿದ್ದದ್ದು ಎಪ್ಪತ್ತರ ಆಸುಪಾಸು. ಹೆಚ್ಚುಕಡಿಮೆ ಐವತ್ತನ್ನು ಅಷ್ಟರಲ್ಲಿ ಹಿಡಿದೋ ಹಿಡಿಯುವಾಗ ಕೊಂದೋ ಆಗಿತ್ತು, ಅದರಲ್ಲೂ ಮುಂದೆ ಮರಿ ಹಾಕಬೇಕಾಗಿದ್ದ ಎಳೆಯವೇ ಹೆಚ್ಚು.

ಇನ್ನೊಂದು ವಿಷಯವೂ ಹೊರಬಿತ್ತು. ಈ ಹಿಂಡುಗಳಲ್ಲಿ ಮಕ್ಕಳು ತಾಯಿಯನ್ನು ಬಿಟ್ಟು ಹೋಗುವುದೇ ಇಲ್ಲ. ಹೆಣ್ಣೂ ಅಷ್ಟೇ, ಗಂಡೂ ಅಷ್ಟೇ, ಜೀವಮಾನವಿಡೀ ಅಮ್ಮನ ಜೊತೆಗೇ. ನಮ್ಮ ತುಳುನಾಡಿನ ಅಳಿಯಕಟ್ಟನ್ನೂ ಮೀರಿಸುವ ವ್ಯವಸ್ಥೆ! ಒಂದೊಂದು ಹಿಂಡಿಗೂ ತನ್ನದೇ ಕೂಗುಗಳಿವೆ. ಮರಿಗಳು ಅದನ್ನು ಅಮ್ಮನಿಂದ ಕಲಿಯುತ್ತವೆ.

1976ರ ಮಾರ್ಚಿನಲ್ಲಿ ವಾಷಿಂಗ್ಟನ್ ರಾಜ್ಯದ ರಾಜಧಾನಿ ಒಲಿಂಪಿಯಾದ ಹತ್ತಿರವೇ, ಬಡ್ ಇನ್ಲೆಟ್‌ನಲ್ಲಿ, ಗೋಲ್ಡ್ಸ್‌ಬೆರಿ ಸೀವರ್ಲ್ಡ್‌ಗಾಗಿ ಮತ್ತೆ ಓರ್ಕಾಗಳನ್ನು ಅಟ್ಟಿ ಹಿಡಿದ. ಹಾಯಿದೋಣಿಯಲ್ಲಿ ಸುತ್ತಾಡಲು ಹೋಗಿದ್ದ ರಾಲ್ಫ್ ಮನ್ರೋ ಇದನ್ನು ಕಣ್ಣಾರೆ ಕಂಡರು. ಅವರು ಗವರ್ನರ್ ಕಚೇರಿಯಲ್ಲಿ ಕೆಲಸಕ್ಕಿದ್ದವರು. ರಾಜ್ಯವೇ ಕೋರ್ಟಿಗೆ ಹೋಯಿತು. ಇನ್ನು ವಾಷಿಂಗ್ಟನ್ ನೀರಿನಲ್ಲಿ ಓರ್ಕಾ ಹಿಡಿಯುವುದಿಲ್ಲ ಅಂತ ಸೀವರ್ಲ್ಡ್ ಒಪ್ಪಿಕೊಂಡಿತು. ವ್ಯಾಪಾರ ನಿಲ್ಲಲಿಲ್ಲ, ಐಸ್‌ಲ್ಯಾಂಡ್‌ಗೆ ಹೋಯಿತು. ಕೇಕೋ (ಫ್ರೀ ವಿಲ್ಲಿ ಸಿನಿಮಾದ ಓರ್ಕಾ), ಟಿಲಿಕಂ ಇವೆಲ್ಲ ಅಲ್ಲಿಂದ ಬಂದವು. ಟಿಲಿಕಂ ಮೂರು ಜನರ ಸಾವಿಗೆ ಕಾರಣವಾದದ್ದು, 2010ರಲ್ಲಿ ಫ್ಲಾರಿಡಾದಲ್ಲಿ ತನ್ನ ತರಬೇತುದಾರಳನ್ನೇ ಕೊಂದದ್ದು, ಅದರ ಮೇಲೆ ಬ್ಲ್ಯಾಕ್‌ಫಿಶ್ ಬಂದದ್ದು, 2016ರಲ್ಲಿ ಸೀವರ್ಲ್ಡ್ ಓರ್ಕಾ ಸಂತಾನವೃದ್ಧಿಯನ್ನೇ ನಿಲ್ಲಿಸಿದ್ದು... ಇದೆಲ್ಲ ಬಹಳ ಜನಕ್ಕೆ ಗೊತ್ತಿರುವ ಕಥೆ.

ಟೋಕಿಟೇಯ ಕಥೆಯಲ್ಲಿ ಅಂಥ ರಕ್ತವಿಲ್ಲ. ಅವಳು ಯಾರನ್ನೂ ಕೊಲ್ಲಲಿಲ್ಲ. ಅವಳಿದ್ದ ತೊಟ್ಟಿಯ ಉದ್ದ 80 ಅಡಿ, ಅಗಲ 35 ಅಡಿ, ತೀರಾ ಆಳದ ಜಾಗದಲ್ಲಿ 20 ಅಡಿ. ಅವಳ ಮೈಯುದ್ದವೇ 20 ಅಡಿಗೆ ಕಮ್ಮಿ ಇರಲಿಲ್ಲ. ನೆಟ್ಟಗೆ ನಿಂತರೆ ಬಾಲ ನೆಲ ಮುಟ್ಟಬೇಕು. ಸಮುದ್ರದಲ್ಲಿ ದಿನಕ್ಕೆ ನೂರು ಕಿಲೋಮೀಟರ್ ಈಜಬಲ್ಲ ಪ್ರಾಣಿಗೆ ಇಷ್ಟು ಜಾಗ, ಮೇಲೆ ಮಯಾಮಿಯ ಬಿಸಿಲು. ಅಮೆರಿಕದ ಕಾನೂನಿನ ಪ್ರಕಾರ ಓರ್ಕಾ ತೊಟ್ಟಿ ಕನಿಷ್ಠ 48 ಅಡಿ ಅಗಲ ಇರಬೇಕು. ಇಲ್ಲಿ ತೊಟ್ಟಿಯ ನಡುವೆ ತರಬೇತುದಾರರು ನಿಲ್ಲಲು ಕಾಂಕ್ರೀಟಿನ ಕಟ್ಟೆಯೊಂದಿತ್ತು. ಆ ಕಟ್ಟೆಯಾಚೆಗಿನ ನೀರನ್ನೂ ಸೇರಿಸಿ ಅಳೆದರೆ ಲೆಕ್ಕ ಸರಿಹೋಗುತ್ತದೆ ಅನ್ನುವ ವಾದವನ್ನು ಸರಕಾರಿ ಇಲಾಖೆ ವರ್ಷಾನುಗಟ್ಟಲೆ ಒಪ್ಪಿಕೊಂಡು ಕೂತಿತು. ಕಾಗದದ ಮೇಲೆ ಕೆರೆ ತೋಡುವವರನ್ನು ನಾವೂ ನೋಡಿದ್ದೇವೆ ಬಿಡಿ.

ಮೊದಲ ಹತ್ತು ವರ್ಷ ಅವಳಿಗೆ ಒಬ್ಬ ಜೊತೆಗಾರನಿದ್ದ. ಹ್ಯೂಗೋ, ಅವಳದೇ ಸೀಮೆಯವನು, 1968ರಲ್ಲಿ ಹಿಡಿದದ್ದು. ಹ್ಯೂಗೋ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. 1980ರ ಮಾರ್ಚಿನಲ್ಲಿ ಮಿದುಳಿನ ರಕ್ತನಾಳ ಒಡೆದು ಸತ್ತ. ಅಲ್ಲಿಂದ 43 ವರ್ಷ ಟೋಕಿಟೇ ಇನ್ನೊಂದು ಓರ್ಕಾವನ್ನು ನೋಡಲಿಲ್ಲ. ಜೊತೆಗಿದ್ದವು ಬೇರೆ ಜಾತಿಯ ಸಣ್ಣ ಡಾಲ್ಫಿನ್‌ಗಳು. ಅವಳ ಜೊತೆ ಸೆರೆಯಾದ ಉಳಿದ ಆರೂ 80ರ ದಶಕ ಮುಗಿಯುವುದರೊಳಗೆ ಸತ್ತಿದ್ದವು. ತನ್ನ ಹಿಂಡಿನ ಕೂಗುಗಳನ್ನು ಮಾತ್ರ ಅವಳು ಬಿಟ್ಟಿರಲಿಲ್ಲ.

ಅವಳನ್ನು ಊರಿಗೆ ಕಳಿಸಿ ಎಂಬ ಚಳವಳಿ 1995ರಲ್ಲೇ ಶುರುವಾಯಿತು. ಬಾಲ್ಕಂಬ್, ಆಗಿನ ಗವರ್ನರ್ ಮೈಕ್ ಲೌರಿ, ಮತ್ತು ಅದೇ ರಾಲ್ಫ್ ಮನ್ರೋ ಮುಂದೆ ನಿಂತರು. ಸಮುದ್ರದ ಒಂದು ಮೂಲೆಯಲ್ಲಿ ಬಲೆ ಕಟ್ಟಿ ಇಡೋಣ, ಮೀನು ನಾವೇ ಹಾಕೋಣ, ಆಮೇಲಿನದು ಆಮೇಲೆ ನೋಡೋಣ ಅನ್ನುವುದು ಯೋಜನೆ. ವಿಮಾನದಲ್ಲಿ ಸಾಗಿಸಿದರೆ ಸತ್ತೇಹೋದಾಳು, ಇದೇ ಅವಳ ಮನೆ ಅಂತ ಸೀಕ್ವೇರಿಯಂ ಒಪ್ಪಲಿಲ್ಲ. 1998ರಲ್ಲಿ ಐಸ್‌ಲ್ಯಾಂಡ್‌ಗೆ ಮರಳಿದ ಕೇಕೋ 2003ರ ಡಿಸೆಂಬರಿನಲ್ಲಿ ನಾರ್ವೆಯಲ್ಲಿ ಸತ್ತಾಗ, ನೋಡಿ ಹೀಗಾಗುತ್ತದೆ ಅಂತ ಬೊಟ್ಟು ಮಾಡಿದವರು ಬಹಳ. ಕೇಕೋ ತನ್ನ ಕುಟುಂಬವನ್ನು ಸೇರಲೇ ಇಲ್ಲ, ಮನುಷ್ಯರ ಸಂಗ ಬಿಡಲೂ ಇಲ್ಲ ಅನ್ನುವುದು ನಿಜ. ಆದರೆ ಐದು ವರ್ಷ ಸಮುದ್ರದ ನೀರಿನಲ್ಲಿ ಬದುಕಿದ ಅನ್ನುವುದೂ ನಿಜ. ಮೇಲಾಗಿ ಟೋಕಿಟೇಯ ಹಿಂಡು ಯಾವುದು, ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿತ್ತು. ಕೇಕೋಗೆ ಆ ಅನುಕೂಲ ಇರಲಿಲ್ಲ.

ಅವಳ ಬಂಧುಗಳನ್ನು 2005ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಅವಳನ್ನು ಮಾತ್ರ ಹೊರಗಿಟ್ಟರು, ತೊಟ್ಟಿಯಲ್ಲಿದ್ದಾಳೆ ಅನ್ನುವ ಕಾರಣಕ್ಕೆ. 2015ರಲ್ಲಿ ಸೇರಿಸಿದರು, ಆದರೂ ತೊಟ್ಟಿ ಬದಲಾಗಲಿಲ್ಲ. 2021ರ ಸರಕಾರಿ ತಪಾಸಣೆಯ ವರದಿಯಲ್ಲಿ ಕೆಟ್ಟ ಮೀನು, ಕೊಳಕು ನೀರು, ಪಶುವೈದ್ಯರ ಮಾತಿಗೆ ಬೆಲೆಯಿಲ್ಲದ್ದು ಎಲ್ಲ ದಾಖಲಾಯಿತು. 2022ರಲ್ಲಿ ಮಾಲೀಕತ್ವ ಬದಲಾದಾಗ ಅವಳ ಆಟ ನಿಂತಿತು.

ನಮ್ಮ ದೇಶದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 90ರ ದಶಕದ ಕೊನೆಯಲ್ಲಿ ಬಲ್ಗೇರಿಯಾದಿಂದ ಚೆನ್ನೈ ಬಳಿಗೆ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತಿದ್ದವು. ಆಮೇಲೂ ಅಲ್ಲಲ್ಲಿ ಡಾಲ್ಫಿನ್ ಶೋ ಮಾಡುವ ಯೋಜನೆಗಳೆದ್ದಾಗ, 2013ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಅಂಥದ್ದಕ್ಕೆಲ್ಲ ಅನುಮತಿ ಇಲ್ಲ ಅಂದಿತು. ಇವು ಮನುಷ್ಯರಲ್ಲದ ವ್ಯಕ್ತಿಗಳು ಎಂಬ ಅರ್ಥದ ಮಾತೂ ಆ ಸುತ್ತೋಲೆಯಲ್ಲಿತ್ತು. ನಮ್ಮ ಸರಕಾರಿ ಸುತ್ತೋಲೆಯಲ್ಲಿ ಇಂಥ ಮಾತು ಓದಿ ನನಗಂತೂ ಆಶ್ಚರ್ಯವೇ ಆಯಿತು.

2023ರ ಮಾರ್ಚ್ 30ರಂದು ಮಯಾಮಿಯಲ್ಲಿ ಪತ್ರಿಕಾಗೋಷ್ಠಿ. ಒಬ್ಬ ಶ್ರೀಮಂತರು ಹಣ ಕೊಡಲು ಮುಂದೆ ಬಂದಿದ್ದರು, ಸೀಕ್ವೇರಿಯಂ ಮಾಲೀಕರೂ ಒಪ್ಪಿದ್ದರು. ಒಂದೂವರೆ-ಎರಡು ವರ್ಷದೊಳಗೆ ಟೋಕಿಟೇಯನ್ನು ಊರಿಗೆ ಕಳಿಸುತ್ತೇವೆ ಅಂದರು. ಬಹುಪಾಲು ಅದೇ ಯೋಜನೆ, 1995ರ ಚಳವಳಿ ಕೇಳಿದ್ದು. ಆಗ ಅವಳ ವಯಸ್ಸು ಮೂವತ್ತರ ಒಳಗೆ, ಈಗ ಐವತ್ತೇಳರ ಆಸುಪಾಸು. ಕಾಡಿನ ಓರ್ಕಾ ಹೆಣ್ಣುಗಳು ಎಂಬತ್ತರವರೆಗೂ ಬದುಕಬಲ್ಲವು, ಆದರೆ ಇವಳಿಗೆ ಆಗಲೇ ಹಳೆಯ ಕಾಯಿಲೆಗಳಿದ್ದವು. ಆಗಸ್ಟ್ 18ರಂದು ಸತ್ತಳು. ಪೆನ್ ಕೋವ್ ನಡೆದು 53 ವರ್ಷ ಹತ್ತು ದಿನ.

ಆ ಸೀಮೆಯ ಮೂಲನಿವಾಸಿಗಳಾದ ಲುಮ್ಮಿ ಜನ ಓರ್ಕಾಗಳನ್ನು ಅಲೆಗಳ ಕೆಳಗಿನ ನೆಂಟರು ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅವಳನ್ನು ಕಳಿಸಿಕೊಡಿ ಅಂತ ಅವರೂ ವರ್ಷಗಟ್ಟಲೆ ಕೇಳಿದ್ದರು. ಸೆಪ್ಟೆಂಬರಿನಲ್ಲಿ ಅವಳ ಚಿತಾಭಸ್ಮವನ್ನು ವಿಮಾನದಲ್ಲಿ ತಂದು, ಯಾರನ್ನೂ ಕರೆಯದೆ ತಮ್ಮ ಪದ್ಧತಿಯಂತೆ ಆ ನೀರಿಗೇ ಬಿಟ್ಟರು. 2024ರ ಎಣಿಕೆಯಲ್ಲಿ ಜೆ, ಕೆ, ಎಲ್ ಮೂರೂ ಹಿಂಡು ಸೇರಿ ಉಳಿದಿದ್ದದ್ದು 73.