ಮನೆಮಾತಿನ ಮಹಾಕಾವ್ಯ: ಕ್ರೀಟ್ ದ್ವೀಪವೂ ತುಳುನಾಡೂ

ಮೂಡಬಿದಿರೆಯ ರತ್ನಾಕರವರ್ಣಿಯು ತನ್ನ ‘ಭರತೇಶ ವೈಭವ’ದ ಪೀಠಿಕೆಯಲ್ಲಿ, ಕೃತಿಯನ್ನು ಕೇಳಿ ಕನ್ನಡಿಗರೂ ತೆಲುಗರೂ ತುಳುವರೂ ತಮ್ಮ ತಮ್ಮ ಮಾತಿನಲ್ಲಿಯೇ ಮೆಚ್ಚಿ ತಲೆದೂಗಬೇಕೆಂದು ಆಶಿಸಿರುವನು, ತುಳುವರ ಮೆಚ್ಚಿಕೆಯನ್ನು ತುಳುವಿನಲ್ಲಿಯೇ ನುಡಿಸಿರುವನು. ಕಾವ್ಯದ ಮೈಯಾದರೋ ಕನ್ನಡವೇ. ಸುತ್ತಲೂ ತುಳುವಾಡುವ ನಾಡಿನ ನಡುವೆ ಕುಳಿತು ಬರೆದ ಕವಿಯು ಆ ಮಾತನ್ನು ಬಾಗಿಲಲ್ಲಿ ಕರೆದು ಮನ್ನಿಸಿ, ಒಳಗೆ ಕೂರಿಸದೆ ಹೋದನೇಕೆ?

ಇಂತಹದೇ ಸ್ಥಿತಿಯಲ್ಲಿದ್ದ ದೂರದ ದ್ವೀಪವೊಂದು ಬೇರೆ ದಾರಿಯನ್ನು ಹಿಡಿಯಿತು. ಗ್ರೀಕರ ಕ್ರೀಟ್ ದ್ವೀಪವು ಕ್ರಿ.ಶ. ೧೩ನೆಯ ಶತಮಾನದ ಆದಿಯಿಂದ ವೆನಿಸಿನ ವರ್ತಕಪ್ರಭುಗಳ ಕೈಯಲ್ಲಿದ್ದಿತು. ಇಟಲಿಯ ನವೋದಯದ ಗಾಳಿ ಅಲ್ಲಿಗೆ ಬೀಸಿದಾಗ ದ್ವೀಪದ ಕವಿಗಳು ಪ್ರಭುಗಳ ಭಾಷೆಯನ್ನೂ ಒಲ್ಲದೆ, ಪಂಡಿತರ ಹಳೆಯ ಗ್ರೀಕನ್ನೂ ಒಲ್ಲದೆ, ತಮ್ಮ ಅಂಗಳದ ಆಡುಮಾತಿನಲ್ಲಿಯೇ ನಾಟಕ ಕಾವ್ಯಗಳನ್ನು ಕಟ್ಟಿದರು. ಖೊರ್ತಾತ್ಸಿಸ್ ಎಂಬವನ ‘ಎರೊಫಿಲಿ’ಯು ಗುಟ್ಟಾಗಿ ವಿವಾಹವಾದ ರಾಜಕುಮಾರಿಯೊಬ್ಬಳ ದುರಂತನಾಟಕ, ೧೬೩೭ರಲ್ಲಿ ವೆನಿಸಿನಲ್ಲಿ ಅಚ್ಚಾಯಿತು. ಕೊರ್ನಾರೊಸನ ‘ಎರೊಟೊಕ್ರಿಟೊಸ್’ ಐದು ಭಾಗಗಳ, ಸುಮಾರು ಹತ್ತು ಸಾವಿರ ಸಾಲುಗಳ ಪ್ರೇಮವೀರಕಾವ್ಯ. ೧೬೬೯ರಲ್ಲಿ, ಇಪ್ಪತ್ತೊಂದು ವರ್ಷಗಳ ಮುತ್ತಿಗೆಯ ಬಳಿಕ ಕಾಂಡಿಯಾ ಪಟ್ಟಣವು ತುರ್ಕರ ವಶವಾಯಿತು. ನಾಟಕಶಾಲೆಗಳು ಮುಚ್ಚಿದವು, ಓದುಬಲ್ಲವರು ಅನ್ಯ ದ್ವೀಪಗಳಿಗೆ ವಲಸೆ ಹೋದರು. ಆದರೆ ಕೊರ್ನಾರೊಸನ ಕಾವ್ಯವು ಅಕ್ಷರವರಿಯದ ಕುರುಬರ ನಾಲಗೆಯಲ್ಲಿ ನಿಂತಿತು. ೧೮೧೮ರಲ್ಲಿ ಫೊತೆಯ್ನೊಸ್ ಎಂಬ ವಿದ್ವಾಂಸನು ಅದನ್ನು ‘ತಿದ್ದಿ’, ಶಿಷ್ಟರ ಗ್ರೀಕಿನಲ್ಲಿ ಹೊಸದಾಗಿ ಬರೆದನು. ಜನರು ತಿದ್ದಿದುದನ್ನು ಬಿಟ್ಟು ಹಳೆಯದನ್ನೇ ಹಾಡಿಕೊಂಡರು.

ಈಗ ಮೂಡಬಿದಿರೆಗೆ ಮರಳೋಣ. ರತ್ನಾಕರನ ‘ತ್ರಿಲೋಕಶತಕ’ದ ಕಾಲವು ೧೫೫೭, ಆದುದರಿಂದ ಅವನು ಕೊರ್ನಾರೊಸನಿಗಿಂತ ತುಸು ಹಿರಿಯನು. ಕಾಕತಾಳೀಯವೆನ್ನಬೇಕು, ‘ಭರತೇಶ ವೈಭವ’ಕ್ಕೂ ಐದೇ ಭಾಗಗಳು, ಅದರಲ್ಲಿಯೂ ಹತ್ತು ಸಾವಿರದ ಸಮೀಪ ಪದ್ಯಗಳು. ತುಳುನಾಡಿನ ಅರಮನೆ ಬಸದಿಗಳ ಶಾಸನಗಳು ಬಹುಮಟ್ಟಿಗೆ ಕನ್ನಡದವು; ಆದಿದೇವನ ಮಕ್ಕಳ ಕಥೆಯೂ ೯೪೧ರಲ್ಲಿ ಪಂಪನು ‘ಆದಿಪುರಾಣ’ವನ್ನು ರಚಿಸಿದಂದಿನಿಂದ ಕನ್ನಡದ ಸೊತ್ತು. ಬರೆಹವೆಂದರೆ ಕನ್ನಡವೆಂಬ ನಾಡಿನಲ್ಲಿ ಕವಿಯು ಕನ್ನಡವನ್ನು ಹಿಡಿದುದು ಸೋಜಿಗವಲ್ಲ. ಅವನ ಧೈರ್ಯವನ್ನು ಭಾಷೆಯಲ್ಲಿ ಅಲ್ಲ, ಛಂದಸ್ಸಿನಲ್ಲಿ ಅರಸಬೇಕು. ಪಂಪನ ಚಂಪುವನ್ನು ಬಿಟ್ಟು ಅವನು ವಾದ್ಯದೊಡನೆ ಹಾಡಲು ಬರುವ ಸಾಂಗತ್ಯವನ್ನು ಕೈಕೊಂಡನು. ಕ್ರೀಟಿನ ಕವಿಗಳು ಪಂಡಿತರ ಮಾತಿನಿಂದ ಅಂಗಳಕ್ಕೆ ಇಳಿದಂತೆ, ಇವನು ಪಂಡಿತರ ಛಂದಸ್ಸಿನಿಂದ ಇಳಿದನು. ಭೋಗವಿಜಯದಲ್ಲಿ ಪೂರ್ವನಾಟಕ, ಉತ್ತರನಾಟಕವೆಂಬ ಸಂಧಿಗಳನ್ನೇ ಇಟ್ಟು ರಂಗದ ಕುಣಿತವನ್ನು ಕಣ್ಣಿಗೆ ಕಟ್ಟಿಸಿದನು.

ಕಥೆಯಲ್ಲಿ ಅವನು ತೋರಿದ ಸ್ವಾತಂತ್ರ್ಯವು ಇನ್ನೂ ದೊಡ್ಡದು. ಪಂಪನಲ್ಲಿ ಅಣ್ಣತಮ್ಮಂದಿರಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಾಗಿ ಭರತನು ಸೋಲುವನು. ಗೆದ್ದ ಬಾಹುಬಲಿಯು ರಾಜ್ಯವನ್ನು ತೊರೆದು ತಪಸ್ಸಿಗೆ ನಿಲ್ಲುವನು. ರತ್ನಾಕರನಲ್ಲಿ ಆ ಯುದ್ಧಗಳೇ ನಡೆಯವು. ಭರತನ ಮೆಲುನುಡಿಯೇ ತಮ್ಮನನ್ನು ಗೆಲ್ಲುವುದು. ಇದನ್ನು ಬರೆದ ಸ್ಥಳವನ್ನು ವಾಚಕರು ನೆನೆಯಬೇಕು. ಕಾರ್ಕಳದ ಬೆಟ್ಟದ ಮೇಲೆ ವೀರಪಾಂಡ್ಯ ಭೈರರಸನು ೧೪೩೨ರಲ್ಲಿ ಬಾಹುಬಲಿಯನ್ನು ನಿಲ್ಲಿಸಿಯಾಗಿದ್ದಿತು. ಬೆಳ್ತಂಗಡಿಯ ಸೀಮೆಯ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು ೧೬೦೪ರಲ್ಲಿ ಮತ್ತೊಂದನ್ನು ನಿಲ್ಲಿಸಲಿದ್ದನು. ಹೀಗೆ ಎರಡು ಗೊಮ್ಮಟಗಳ ನಡುವಣ ಕಾಲದಲ್ಲಿ, ತಮ್ಮನನ್ನು ಪೂಜಿಸುವ ನಾಡಿನಲ್ಲಿ, ಅಣ್ಣನನ್ನು ನಾಯಕನನ್ನಾಗಿ ಮಾಡಿದವನಿವನು! ಈ ಕಾವ್ಯವನ್ನು ಆನೆಯ ಮೇಲೇರಿಸಿ ಮೆರೆಸಬೇಕೆಂದು ಅವನು ಬೇಡಿದನೆಂದೂ, ಕೆಲವು ಪದ್ಯಗಳು ಶಾಸ್ತ್ರವಿರುದ್ಧವೆಂದು ಗುರುಗಳು ಒಪ್ಪಲಿಲ್ಲವೆಂದೂ, ಮುನಿದ ಕವಿಯು ವೀರಶೈವನಾಗಿ ಕಡೆಗೆ ಜಿನಮತಕ್ಕೆ ಮರಳಿದನೆಂದೂ ದೇವಚಂದ್ರನ ‘ರಾಜಾವಳೀಕಥೆ’ಯಲ್ಲಿದೆ. ಮೂರು ಶತಮಾನಗಳ ತರುವಾಯ ಬರೆದಿಟ್ಟ ಕಥೆಯಾದುದರಿಂದ ಇದನ್ನು ಇತಿಹಾಸವೆಂದು ನಾನು ನಂಬಲಾರೆ. ಆದರೂ ಈ ಕಾವ್ಯವು ಹಿರಿಯರಿಗೆ ಇರುಸುಮುರುಸಾಗಿ ತೋರಿದ್ದಿತೆಂಬಷ್ಟನ್ನು ಅದರಿಂದ ಊಹಿಸಬಹುದು.

ಹಾಗಾದರೆ ತುಳುವಿನಲ್ಲಿ ಗ್ರಂಥಸ್ಥವಾದ ಕಾವ್ಯವೇ ಇರಲಿಲ್ಲವೇ? ಇದ್ದಿತು. ವಿಷ್ಣುತುಂಗನ ‘ಶ್ರೀ ಭಾಗವತೊ’ ಮೊದಲಾದವು ತುಳುಲಿಪಿಯ ತಾಳೆಗರಿಗಳಲ್ಲಿ ಉಳಿದು ಬಂದುವು. ಆದರೆ ವೆಂಕಟರಾಜ ಪುಣಿಂಚತ್ತಾಯರು ೧೯೮೦ರ ದಶಕದಲ್ಲಿ ‘ಭಾಗವತೊ’ವನ್ನು ಸಂಪಾದಿಸಿ ಅಚ್ಚಿಗೆ ತರುವ ವರೆಗೆ ಅದು ಜನರ ಬಾಯಿಗೂ ಬರಲಿಲ್ಲ, ಕಿವಿಗೂ ಬೀಳಲಿಲ್ಲ. ತುಳುವರು ರಾತ್ರಿಯಿಡೀ ಕುಳಿತು ನೋಡುತ್ತಿದ್ದ ಯಕ್ಷಗಾನದ ಪ್ರಸಂಗಗಳೂ ಕನ್ನಡದವೇ ಆಗಿದ್ದುವು.

ಜನರ ಬಾಯಿಯ ಮಹಾಕಾವ್ಯವು ಬೇರೆಡೆಯಲ್ಲಿದ್ದಿತು. ಗದ್ದೆಯಲ್ಲಿ, ಭೂತದ ಕಳದಲ್ಲಿ. ಪಾಡ್ದನಗಳೆಂಬ ಈ ಹಾಡುಗಳಲ್ಲಿ ಕೆಲವನ್ನು ಬಾಸೆಲ್ ಮಿಶನಿನ ಮ್ಯಾನರನು ೧೮೮೬ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದನು. ಅವುಗಳ ನಿಜವಾದ ಹರಹು ತಿಳಿದುದು ಒಂದು ಶತಮಾನದ ಮೇಲೆ. ೧೯೯೦ರ ಡಿಸೆಂಬರ್ ತಿಂಗಳಲ್ಲಿ ಬೆಳ್ತಂಗಡಿ ತಾಲೂಕಿನ ಮಾಚಾರಿನ ಕೃಷಿಕ ಗೋಪಾಲ ನಾಯ್ಕರು ಸಿರಿಯ ಪಾಡ್ದನವನ್ನು ಆದ್ಯಂತವಾಗಿ ಹಾಡಿದರು. ಫಿನ್‌ಲ್ಯಾಂಡಿನ ಲೌರಿ ಹೊಂಕೊ, ನಮ್ಮವರೇ ಆದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರೊಡನೆ ಅದನ್ನು ದಾಖಲಿಸಿಕೊಂಡು, ೧೯೯೮ರಲ್ಲಿ ಹೆಲ್ಸಿಂಕಿಯಿಂದ ಪ್ರಕಟಿಸಿದರು. ಎಣಿಸಿದಾಗ ೧೫,೬೮೩ ಸಾಲುಗಳು. ಹೋಮರನ ‘ಇಲಿಯಡ್’ ೧೫,೬೯೩. ಅಲ್ಲಿ ವೀರರ ಕಾಳಗ. ಇಲ್ಲಿಯಾದರೋ ಗಂಡನ ಅನ್ಯಾಯವನ್ನು ಸಹಿಸದೆ ಸಂಬಂಧವನ್ನು ಕಡಿದುಕೊಂಡ ಸಿರಿಯಿಂದ, ಚೆನ್ನೆಯಾಟದ ಜಗಳದಲ್ಲಿ ಅಳಿದ ಅವಳಿ ಮೊಮ್ಮಕ್ಕಳು ಅಬ್ಬಗ ದಾರಗರ ವರೆಗಿನ ಹೆಂಗಸರ ಕಥೆ.

ಕ್ರೀಟಿನಲ್ಲಿ ಒಂದೇ ಕೃತಿಯು ಅಚ್ಚಿನಲ್ಲಿಯೂ ನಾಲಗೆಯಲ್ಲಿಯೂ ಬಾಳಿತು. ೧೭೧೩ರಲ್ಲಿ ವೆನಿಸಿನ ಮುದ್ರಣಾಲಯದಿಂದ ಹೊರಬಿದ್ದ ‘ಎರೊಟೊಕ್ರಿಟೊಸ್’ ಹಾಡುಗನು ಮರೆತರೂ ಪುಸ್ತಕದಲ್ಲಿದ್ದಿತು, ಪುಸ್ತಕ ಹರಿದರೂ ಹಾಡುಗನಲ್ಲಿದ್ದಿತು. ನಮ್ಮಲ್ಲಿ ಆ ಕೆಲಸವು ಎರಡು ಪಾಲಾಯಿತು: ಗರಿಯು ಮೂಡಬಿದಿರೆಗೆ, ಗಂಟಲು ಮಾಚಾರಿಗೆ. ಗರಿಯಿಲ್ಲದ ಪಾಡ್ದನವು ಹಾಡುಗನ ಉಸಿರಿನೊಡನೆ ಹೋಗುವಂತಹದು. ಹೊಂಕೊ ಬರುವ ಮುನ್ನ ಹಾಗೆ ಹೋದವೆಷ್ಟೋ!

ಈ ಎರಡು ಪಾಲುಗಳ ನಡುವೆ ಸಂಕವನ್ನು ಹಾಕಿದವರಲ್ಲಿ ೧೮೭೪ರಲ್ಲಿ ಬಂಟವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಮುಖ್ಯರು. ಅವರು ಪಾಡ್ದನದ ‘ಕೋಟಿ ಚೆನ್ನಯ’ರನ್ನು ಕನ್ನಡ ಗದ್ಯಕ್ಕೆ ತಂದರು, ಘಟ್ಟದ ಮೇಲಣ ಕನ್ನಡಿಗರೂ ಆ ಬೈದ್ಯ ವೀರರ ಹೆಸರನ್ನರಿತರು. ಆದರೆ ಹಾಡು ಕಥೆಯಾಯಿತು. ಕೋಟಿ ಚೆನ್ನಯರ ಗರಡಿಯಲ್ಲಿ ರಾತ್ರಿ ನೇಮವನ್ನು ಕಂಡು, ಮರುದಿನ ಮನೆಯಲ್ಲಿ ಪಂಜೆಯವರ ಪುಸ್ತಕವನ್ನು ತೆರೆದವರು ಈ ವ್ಯತ್ಯಾಸವನ್ನು ಬಲ್ಲರು: ಪುಸ್ತಕದಲ್ಲಿ ವೀರರು ಬಹಳ ಸೊಗಸಾಗಿ ಮಾತನಾಡುವರು; ಗರಡಿಯಲ್ಲಿ ಅವರೇ ಬಂದು ಎದುರಿಗೆ ನಿಲ್ಲುವರು.