ಹವಳದ ತೊಟ್ಟಿಯಲ್ಲಿ ಕಂದು ಲೋಳೆ: ಅತಿಯಾದ ಶುಚಿಯೇ ಮುಳುವಾದಾಗ

ಸಮುದ್ರದ ನೀರಿನ ಅಕ್ವೇರಿಯಂ ಇಟ್ಟುಕೊಂಡವರನ್ನು ಕಾಡುವ ತೊಂದರೆಗಳಲ್ಲಿ ಇದು ವಿಚಿತ್ರವಾದದ್ದು. ಸಂಜೆ ದೀಪ ಆರಿಸುವ ಹೊತ್ತಿಗೆ ಮರಳು, ಬಂಡೆ, ಗಾಜು ಎಲ್ಲದರ ಮೇಲೂ ಕಂದು ಬಣ್ಣದ ಲೋಳೆ. ಬೆಳಗ್ಗೆ ಎದ್ದು ನೋಡಿದರೆ ಅರ್ಧಕ್ಕರ್ಧ ಮಾಯ. ಸದ್ಯ ಹೋಯಿತಲ್ಲ ಎಂದು ದೀಪ ಹಾಕಿದರೆ ಮಧ್ಯಾಹ್ನದೊಳಗೆ ಮತ್ತೆ ಹಾಜರು. ಲೋಳೆ ನೂಲಿನಂತೆ ಎದ್ದು ನಿಂತಿರುತ್ತದೆ, ನೂಲಿನ ತುದಿಯಲ್ಲಿ ಗಾಳಿಯ ಗುಳ್ಳೆ. ಪಾಚಿ ತಿನ್ನಲೆಂದು ಬಿಟ್ಟ ಬಸವನಹುಳುಗಳು ಒಂದೊಂದಾಗಿ ಸಾಯುತ್ತವೆ, ಹವಳಗಳು ಮುದುಡಿಕೊಳ್ಳುತ್ತವೆ. ಸಾವಿರಾರು ರೂಪಾಯಿ ಸುರಿದು, ವರ್ಷಗಟ್ಟಲೆ ಆರೈಕೆ ಮಾಡಿದ ತೊಟ್ಟಿಯನ್ನು ಇದೊಂದೇ ಕಾರಣಕ್ಕೆ ಖಾಲಿ ಮಾಡಿದವರಿದ್ದಾರೆ.

ಇದು ಡೈನೋಫ್ಲಾಜೆಲ್ಲೇಟ್ ಎಂಬ ಸೂಕ್ಷ್ಮಜೀವಿಯ ಕೆಲಸ. ಹವ್ಯಾಸಿಗಳ ಬಾಯಲ್ಲಿ ಬರೀ 'ಡೈನೋ'. ಒಂದೇ ಜೀವಕೋಶ, ಈಜಲು ಚಾವಟಿಯಂಥ ಎರಡು ಎಳೆ. ಕಡಲಿನಲ್ಲಿ ಇವಕ್ಕೆ ಲೆಕ್ಕವಿಲ್ಲ. 2020ರ ನವೆಂಬರಿನಲ್ಲಿ ಕರ್ನಾಟಕದ ಕರಾವಳಿಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದು ಜನ ಕಡಲತೀರಕ್ಕೆ ಮುಗಿಬಿದ್ದದ್ದು ನೆನಪಿರಬಹುದು. ಅಂದು ಹೊಳೆದ ನಾಕ್ಟಿಲ್ಯೂಕಾ ಇದೇ ವರ್ಗಕ್ಕೆ ಸೇರಿದ್ದು. ಇನ್ನೂ ಸೋಜಿಗವೆಂದರೆ, ಹವಳದ ಮೈಯೊಳಗೆ ವಾಸಿಸಿ ಬಿಸಿಲಿನಿಂದ ಅದಕ್ಕೆ ಆಹಾರ ತಯಾರಿಸಿಕೊಡುವ ಜೀವಿಯೂ ಒಂದು ಡೈನೋಫ್ಲಾಜೆಲ್ಲೇಟೇ. ಆದ್ದರಿಂದ ಡೈನೋವನ್ನು ಕೊಲ್ಲುವ ಮದ್ದು ಎಂದು ಸಿಕ್ಕಿದ್ದನ್ನೆಲ್ಲ ತೊಟ್ಟಿಗೆ ಸುರಿಯುವಂತಿಲ್ಲ. ಮದ್ದು ಹವಳಕ್ಕೂ ತಟ್ಟೀತು.

ಹಾಗಾದರೆ ಇದು ಬರುವುದೇಕೆ? ಉತ್ತರ ಕೇಳಿದರೆ ಅಚ್ಚುಕಟ್ಟಿನ ಮನುಷ್ಯರಿಗೆ ಬೇಸರವಾಗಬಹುದು. ಹೆಚ್ಚಿನ ಪ್ರಕರಣಗಳಲ್ಲಿ ಇದು ಕೊಳಕು ತೊಟ್ಟಿಗೆ ಬರುವ ಕಾಯಿಲೆ ಅಲ್ಲ, ಅತಿ ಶುಚಿಯಾದ ತೊಟ್ಟಿಗೆ ಬರುವ ಕಾಯಿಲೆ. ಮೀನಿನ ಹೇಲು, ಉಳಿದ ಆಹಾರ ಕೊಳೆತು ನೈಟ್ರೇಟ್ ಮತ್ತು ಫಾಸ್ಫೇಟ್ ಆಗುತ್ತವೆ. ಇವು ಹೆಚ್ಚಾದರೆ ಹಸಿರು ಪಾಚಿ ಬರುತ್ತದೆ ಎಂಬ ಹೆದರಿಕೆಯಿಂದ ಫಾಸ್ಫೇಟ್ ಹೀರುವ ಹರಳು ಹಾಕುತ್ತಾರೆ, ನೊರೆಯ ಜೊತೆ ಕಸ ತೆಗೆಯುವ ಸ್ಕಿಮ್ಮರ್ ಯಂತ್ರವನ್ನು ಹಗಲಿರುಳು ಓಡಿಸುತ್ತಾರೆ, ಬ್ಯಾಕ್ಟೀರಿಯಾ ಬೆಳೆಸಲೆಂದು ವಿನೆಗರ್ ಅಥವಾ ವೋಡ್ಕಾ (ಹೌದು, ಕುಡಿಯುವ ವೋಡ್ಕಾವೇ) ಹನಿಸುತ್ತಾರೆ. ಕೊನೆಗೆ ಪರೀಕ್ಷೆಯಲ್ಲಿ ಎರಡೂ ಸೊನ್ನೆ. ಆಗ ಹಸಿರು ಪಾಚಿ, ಒಳ್ಳೆಯ ಬ್ಯಾಕ್ಟೀರಿಯಾ ಎಲ್ಲವೂ ಹಸಿವಿನಿಂದ ಸೊರಗುತ್ತವೆ. ಡೈನೋ ಮಾತ್ರ ಸೊರಗುವುದಿಲ್ಲ. ಅವುಗಳಲ್ಲಿ ಹಲವು ಬೆಳಕಿನಿಂದಲೂ ಬದುಕುತ್ತವೆ, ಬ್ಯಾಕ್ಟೀರಿಯಾ ಹಿಡಿದು ತಿಂದೂ ಬದುಕುತ್ತವೆ. ಬೆಳೆ ಒಣಗಿದ ಗದ್ದೆಯಲ್ಲಿ ಕಳೆಗೆ ತಡೆಯೇನಿದೆ? ಹೊಸದಾಗಿ, ಜೀವವಿಲ್ಲದ ಒಣ ಬಂಡೆಗಳಿಂದ ಕಟ್ಟಿದ ತೊಟ್ಟಿಗಳಲ್ಲಿ ಇದರ ಹಾವಳಿ ಹೆಚ್ಚಿರುವುದಕ್ಕೂ ಇದೇ ಕಾರಣ. ಕೆಂಪು ಪಾಚಿ ಓಡಿಸಲು ಆ್ಯಂಟಿಬಯೋಟಿಕ್ ಹಾಕಿದ ಮೇಲೆ ಡೈನೋ ಎದ್ದ ಉದಾಹರಣೆಗಳೂ ಬೇಕಾದಷ್ಟಿವೆ.

ಚಿಕಿತ್ಸೆಗೆ ಮೊದಲು ಬಂದಿರುವುದು ಯಾವುದು ಎಂದು ಗೊತ್ತಾಗಬೇಕು. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರ ಧೂಳಿನಂತೆ ಕೂರುವ ಕಂದು ಪದರ ಡಯಾಟಮ್, ಅದು ತಾನಾಗಿ ಹೋಗುತ್ತದೆ. ಕೆನೆ ಕಟ್ಟಿದಂತೆ ಹಾಳೆಹಾಳೆಯಾಗಿ ಏಳುವ ಕೆಂಪು ಪದರ ಸಯನೋಬ್ಯಾಕ್ಟೀರಿಯಾ. ಅನುಮಾನವಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಸ್ವಲ್ಪ ಲೋಳೆಯನ್ನು ತೊಟ್ಟಿಯ ನೀರಿನೊಂದಿಗೆ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಕೆಳಗಿಳಿದ ನೀರನ್ನು ಬೆಳಕಿನಲ್ಲಿಡಬೇಕು. ಒಂದೆರಡು ಗಂಟೆಯಲ್ಲಿ ಆ ನೀರಿನಲ್ಲಿ ಮತ್ತೆ ಲೋಳೆ ಕೂಡಿಕೊಂಡರೆ ಅದು ಡೈನೋ ಎಂದೇ ತಿಳಿಯಬಹುದು.

ಆದರೆ ಡೈನೋದಲ್ಲೂ ಜಾತಿಗಳಿವೆ, ಒಂದಕ್ಕೆ ಒಗ್ಗಿದ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. ಇಲ್ಲಿ ಸೂಕ್ಷ್ಮದರ್ಶಕ ಬೇಕೇ ಬೇಕು. ಮಕ್ಕಳ ಶಾಲೆಯ ಮಾದರಿಯದಾದರೂ ಸಾಕು, 400 ಪಟ್ಟು ಹಿಗ್ಗಿಸಿದರೆ ಕೆಲಸವಾಗುತ್ತದೆ. ಆಸ್ಟ್ರಿಯಾಪ್ಸಿಸ್ ನೀರಹನಿಯ ಆಕಾರದ್ದು, ಗೂಟಕ್ಕೆ ಕಟ್ಟಿದ ಕರುವಿನಂತೆ ಒಂದೇ ಕಡೆ ಸುತ್ತು ಹೊಡೆಯುತ್ತದೆ. ಕೂಲಿಯಾ ಹೆಚ್ಚುಕಡಿಮೆ ಹಾಗೆಯೇ, ಆದರೆ ಉರುಟು. ಆಂಫಿಡಿನಿಯಂ ಮೊಟ್ಟೆಯಾಕಾರದ್ದು, ತುದಿಯಲ್ಲಿ ಪುಟ್ಟ ಕೊಕ್ಕು, ನಿಧಾನವಾಗಿ ಜಾರುತ್ತ ಹೋಗುತ್ತದೆ. ಇದರಲ್ಲಿ ದೊಡ್ಡ ಕೋಶದ ಬಗೆ ಮರಳನ್ನು ಬಿಟ್ಟು ಏಳುವುದೇ ಇಲ್ಲ.

ಚಿಕಿತ್ಸೆಯ ಮೊದಲ ಹೆಜ್ಜೆ ಎಲ್ಲಕ್ಕೂ ಒಂದೇ: ಹಸಿವು ನೀಗಿಸುವುದು. ಫಾಸ್ಫೇಟ್ ಹೀರುವ ಹರಳು, ವಿನೆಗರ್, ವೋಡ್ಕಾ ನಿಲ್ಲಿಸಬೇಕು. ಮೀನುಗಳಿಗೆ ಆಹಾರ ಹೆಚ್ಚಿಸಬೇಕು. ಸಾಲದಿದ್ದರೆ ಅಕ್ವೇರಿಯಂಗೆಂದೇ ಮಾರುವ ನೈಟ್ರೇಟ್, ಫಾಸ್ಫೇಟ್ ದ್ರಾವಣವನ್ನು ದಿನಕ್ಕಿಷ್ಟೆಂದು ಸೇರಿಸಿ, ನೈಟ್ರೇಟ್ ಲೀಟರಿಗೆ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.05ರಿಂದ 0.1 ಮಿಲಿಗ್ರಾಂ ಮಟ್ಟಕ್ಕೆ ತರಬೇಕು. ಆರಂಭದಲ್ಲಿ ಹಾಕಿದ್ದೆಲ್ಲ ಮರುದಿನಕ್ಕೆ ಸೊನ್ನೆಯಾಗುತ್ತದೆ, ಅದಕ್ಕೆ ಗಾಬರಿ ಬೇಡ. ನೀರು ಬದಲಿಸುವುದನ್ನೂ ಸದ್ಯಕ್ಕೆ ನಿಲ್ಲಿಸುವುದು ಲೇಸು. ಹೊಸ ನೀರು ಬಿದ್ದ ಮರುದಿನವೇ ಲೋಳೆ ದಪ್ಪವಾಯಿತೆಂಬುದು ಬಹಳಷ್ಟು ಹವ್ಯಾಸಿಗಳ ಅನುಭವ.

ಆಸ್ಟ್ರಿಯಾಪ್ಸಿಸ್, ಕೂಲಿಯಾಗಳು ರಾತ್ರಿ ಬಂಡೆ ಬಿಟ್ಟು ನೀರಿಗಿಳಿಯುತ್ತವೆ. ಅವನ್ನು ಹಿಡಿಯುವುದು ಆಗಲೇ. ಅತಿನೇರಳೆ ಕಿರಣದ ದೀಪದ ಕೊಳವೆಯೊಳಗೆ ನೀರು ನಿಧಾನವಾಗಿ ಹಾದುಹೋಗುವಂತೆ ಮಾಡಬೇಕು. ಸುಮಾರು 10–12 ಲೀಟರ್ ನೀರಿಗೆ 1 ವ್ಯಾಟ್ ಎಂಬುದು ಹವ್ಯಾಸಿಗಳ ಲೆಕ್ಕ. ನೀರನ್ನು ಕೆಳಗಿನ ಫಿಲ್ಟರ್ ತೊಟ್ಟಿಯಿಂದಲ್ಲ, ಹವಳವಿರುವ ತೊಟ್ಟಿಯಿಂದಲೇ ಎಳೆದು ಅಲ್ಲಿಗೇ ಬಿಡಬೇಕು. ಇದರ ಜೊತೆ ಮೂರು ದಿನ ತೊಟ್ಟಿಯ ದೀಪ ಆರಿಸಿಟ್ಟರೆ ಪರಿಣಾಮ ಹೆಚ್ಚು. ಬರೀ ಕತ್ತಲು ಮಾಡಿದರೆ ಲೋಳೆ ಹೋಗಿ ವಾರದೊಳಗೆ ತಿರುಗಿ ಬರುತ್ತದೆ. ಕತ್ತಲ ದಿನಗಳಲ್ಲಿ ನೀರಿನ ಆಮ್ಲಜನಕ ಕುಸಿಯುವುದರಿಂದ ಗಾಳಿಯ ಪಂಪ್ ನಿಲ್ಲಬಾರದು. ಮಳೆಗಾಲದಲ್ಲಿ ಕರೆಂಟು ಕೈಕೊಡುವ ಊರಿನವರು ಬ್ಯಾಟರಿ ಪಂಪ್ ಇಟ್ಟುಕೊಂಡೇ ಇದಕ್ಕೆ ಕೈಹಾಕಬೇಕು.

ದೊಡ್ಡ ಆಂಫಿಡಿನಿಯಂಗೆ ಈ ದೀಪ ಉಪಯೋಗವಿಲ್ಲ. ಅಲ್ಲಿ ಮರಳನ್ನು ಕೆದಕದೆ, ಸೋಡಿಯಂ ಸಿಲಿಕೇಟ್ ದ್ರಾವಣ ಹನಿಸಿ ಸಿಲಿಕಾವನ್ನು ಲೀಟರಿಗೆ 1–2 ಮಿಲಿಗ್ರಾಂ ಮಟ್ಟದಲ್ಲಿಟ್ಟು, ಡಯಾಟಮ್‌ಗಳನ್ನು ಬೇಕೆಂದೇ ಬೆಳೆಸುತ್ತಾರೆ. ಅವು ಜಾಗ ಹಿಡಿದರೆ ಡೈನೋಗೆ ಎಡೆಯಿಲ್ಲ. ಆರೋಗ್ಯವಾಗಿರುವ ಹಳೆಯ ತೊಟ್ಟಿಯಿಂದ ಒಂದು ಹಿಡಿ ಮರಳು ತಂದು ಹಾಕುವುದೂ ಒಳ್ಳೆಯದೇ. ಆದರೆ ಅದೇ ನೆಪದಲ್ಲಿ ಲಕ್ಷದ್ವೀಪದಿಂದಲೋ ಇನ್ನೆಲ್ಲಿಂದಲೋ ಹವಳದ ಕಲ್ಲು ತರಿಸುವಂತಿಲ್ಲ. ಬಂಡೆ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ.

ಮನುಷ್ಯರ ಮಾತನ್ನೂ ಹೇಳಬೇಕು. 2005ರ ಬೇಸಗೆಯಲ್ಲಿ ಇಟಲಿಯ ಜಿನೋವಾ ತೀರದಲ್ಲಿ ಆಸ್ಟ್ರಿಯಾಪ್ಸಿಸ್ ಹೆಚ್ಚಿ, ಕಡಲ ಗಾಳಿ ಕುಡಿದ ಸುಮಾರು 200 ಮಂದಿ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಚಿಕಿತ್ಸೆ ಪಡೆಯಬೇಕಾಯಿತು. ಮನೆಯ ತೊಟ್ಟಿಯಲ್ಲೂ ಅದೇ ಜೀವಿ ಇರಬಹುದು. ಆದ್ದರಿಂದ ನೀರು ತೆಗೆಯಲು ಪೈಪಿಗೆ ಬಾಯಿ ಹಚ್ಚಿ ಎಳೆಯುವ ನಮ್ಮ ರೂಢಿಯನ್ನು ಬಿಡಲೇಬೇಕು. ಕೈಗವಸು, ಕನ್ನಡಕ ಹಾಕಿಕೊಳ್ಳಬೇಕು. ಲೋಳೆ ಹಿಡಿದ ಕಲ್ಲನ್ನು ಕುದಿಯುವ ನೀರಿನಲ್ಲಿ ಅದ್ದುವುದಂತೂ ಕೂಡದು, ಆವಿಯ ಜೊತೆ ವಿಷವೂ ಮೇಲೇಳುವ ಅಪಾಯವಿದೆ. ಡೈನೋ ಸಾಯುವಾಗ ನೀರಿಗೆ ಸೇರುವ ವಿಷವನ್ನು ಹೀರಲು ಫಿಲ್ಟರಿನಲ್ಲಿ ಸಕ್ರಿಯ ಇದ್ದಿಲು ಇಟ್ಟು, ಆಗಾಗ ಬದಲಿಸುತ್ತಿರಬೇಕು.

ಇಷ್ಟೆಲ್ಲ ಮಾಡಿದರೂ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಗಾಜಿನ ಮೇಲೆ ತೆಳುವಾಗಿ ಹಸಿರು ಪಾಚಿ ಮೂಡಿತೆಂದರೆ ತೊಟ್ಟಿ ಚೇತರಿಸಿಕೊಳ್ಳುತ್ತಿದೆ ಎಂದರ್ಥ. ಮುಂಚೆ ಯಾವುದನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರೋ ಅದನ್ನೇ ಈಗ ಎದುರಿನ ಗಾಜಿನಲ್ಲಿ ಮಾತ್ರ ಒರೆಸಿ, ಉಳಿದ ಕಡೆ ಬಿಟ್ಟುಬಿಡಬೇಕು. ಆಮೇಲೆ ಒಂದೆರಡು ಬಸವನಹುಳು ಬಿಟ್ಟು ಎರಡು ವಾರ ನೋಡಬೇಕು. ಅವು ಬದುಕಿ ಗಾಜಿನ ಮೇಲೆ ಹರಿದಾಡುತ್ತಿದ್ದರೆ ಉಳಿದವನ್ನು ತರಬಹುದು.